ಮದಾಂ ಸಲೊಮೆಯ ಒಂದೇ ಒಂದು ‘ಹೌದು’

ಇಲೇರ್ ಎಂದರೆ ನಗುಮೊಗದವನು ಎಂದು ಅರ್ಥ. ಜ್ಞಾನಸ್ನಾನದ ದಿನ ಆ ಹೆಸರಿಟ್ಟ ಪಾದ್ರಿಗೆ ಮಗು ತಣ್ಣೀರಿಗೆ ಹೆದರಿ ಕಿರುಚಿಕೊಂಡದ್ದು ಕೇಳಿಸಿರಲಿಲ್ಲವೋ ಏನೋ. ಇಲೇರ್ ಮಾಜೊ ಅಂದು ಶುರು ಮಾಡಿದ ಹೆದರಿಕೆಯನ್ನು ಐವತ್ತು ದಾಟಿದರೂ ಕೈಬಿಟ್ಟಿರಲಿಲ್ಲ. ಗುಡುಗಿಗೆ ಹೆದರುತ್ತಿದ್ದ, ಹಲ್ಲಿನ ಡಾಕ್ಟರಿಗೆ ಹೆದರುತ್ತಿದ್ದ, ಪಕ್ಕದ ಮನೆಯ ಹೆಬ್ಬಾತುಗಳು ಕತ್ತು ಚಾಚಿ ಬಂದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ. ಹೆಂಡತಿ ಜಿನೆತ್ ಬೈದರೆ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ; ಅವಳು ಸುಮ್ಮನಾದರೆ ಮಾತ್ರ ಹೆದರಿಕೆಯಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಭಯ, ವಿಳಾಸ ಕಾಣಲೆಂದು ಸಣ್ಣ ಕಿಟಕಿ ಕೊರೆದಿರುವ ಸರಕಾರಿ ಲಕೋಟೆಯದು. ಅಂಚೆಯಲ್ಲಿ ಬಂದದ್ದಕ್ಕೆಲ್ಲ ಅಂಜುವ ಮನುಷ್ಯ ಅವನು.

ಇಂಥವನು ಪೆರೊಲಾದ್ ಎಂಬ ಹಳ್ಳಿಯ ಏಕಮಾತ್ರ ನೌಕರ. ರಸ್ತೆಬದಿಯ ಹುಲ್ಲು ಕತ್ತರಿಸುವುದು, ಚರಂಡಿ ತೋಡುವುದು, ಹಬ್ಬದ ದಿನ ಬಾವುಟ ಕಟ್ಟುವುದು, ಯಾರಾದರೂ ತೀರಿಕೊಂಡರೆ ಗುಂಡಿ ತೋಡುವುದು, ಎಲ್ಲವೂ ಅವನದೇ. ಗುಂಡಿ ತೋಡುವವನಿಗೆ ಗುಂಡಿಗೆಯಿಲ್ಲ ಎಂದು ಊರವರು ನಗುತ್ತಿದ್ದರು. ಆದರೆ ಸತ್ತವರ ವಿಷಯದಲ್ಲಿ ಅವನಿಗೆ ಎಂದೂ ಭಯವಾದದ್ದಿಲ್ಲ. ಅವರು ಏನನ್ನೂ ಕೇಳುವುದಿಲ್ಲವಲ್ಲ. ಕೇಳುವವರನ್ನು ಕಂಡರೇ ಅವನಿಗೆ ಆಗುತ್ತಿರಲಿಲ್ಲ.

ಎರಡು ಸಾವಿರದ ಐದರ ವಸಂತದಲ್ಲಿ ಫ್ರಾನ್ಸಿನ ಸರಕಾರ ತನ್ನ ಪ್ರಜೆಗಳನ್ನು ಒಂದು ಪ್ರಶ್ನೆ ಕೇಳಿತು. ಯುರೋಪಿನ ಇಪ್ಪತ್ತೈದು ದೇಶಗಳಿಗೂ ಸೇರಿ ಒಂದು ಸಂವಿಧಾನ ಬರುತ್ತದೆ, ಒಪ್ಪುತ್ತೀರೋ ಇಲ್ಲವೋ? ಉತ್ತರ ಒಂದೇ ಪದ, ‘ಹೌದು’ ಅಥವಾ ‘ಬೇಡ’. ಪ್ರಶ್ನೆಯ ಜತೆಗೆ ಮನೆಮನೆಗೂ ಆ ಸಂವಿಧಾನವೇ ಅಂಚೆಯಲ್ಲಿ ಬಂತು. ನಾನೂರಕ್ಕೂ ಮೀರಿದ ಕಲಮುಗಳು. ಅಷ್ಟು ದೊಡ್ಡ ಸಂವಿಧಾನಕ್ಕೆ ಬೇಕಾದ ವ್ಯವಧಾನ ಊರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಇಲೇರ್ ಅದನ್ನು ಬಿಚ್ಚಲೂ ಇಲ್ಲ. ಸಕ್ಕರೆ ಡಬ್ಬದ ಹಿಂದೆ ನಿಲ್ಲಿಸಿ, ಕಾಫಿಗೆ ಸಕ್ಕರೆ ಬೇಕಾದಾಗಲೆಲ್ಲ ಅದನ್ನು ಓರೆಗಣ್ಣಿಂದ ನೋಡುತ್ತಿದ್ದ.

ಊರಿನ ಮೇಯರ್ ಗಾಸ್ತೊಂ ದೆಲ್ಬೋಸ್‌ಗೆ ಓದುವ ಅಗತ್ಯವೇ ಬೀಳಲಿಲ್ಲ. ವಾಲ್‌ನಟ್ ತೋಟದ ಮಾಲೀಕ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಅಂಚೆ ಕಚೇರಿ ಮುಚ್ಚಿದ್ದು, ಶಾಲೆ ಮುಚ್ಚಿದ್ದು, ಬಸ್ಸು ನಿಂತದ್ದು, ಎಲ್ಲಕ್ಕೂ ಅವನು ಒಂದೇ ದಿಕ್ಕಿಗೆ, ಯುರೋಪ್ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನ ದಿಕ್ಕಿಗೆ, ಕೈ ತೋರಿಸುತ್ತಿದ್ದ. ಕಾಫಿ ಅಂಗಡಿಯಲ್ಲಿ ಒಂದು ದಿನ ಇಲೇರ್‌ನ ಹೆಗಲಿಗೆ ಬಡಿದು ಹೇಳಿದ:

“ಈ ಸಂವಿಧಾನ ಬರ್ಲಿ ನೋಡು. ನಿನ್ನ ಕುಡುಗೋಲಿಗೆ ಇಪ್ಪತ್ತೈದು ದೇಶದೋರು ಟೆಂಡರ್ ಹಾಕ್ತಾರೆ. ಲಿಥುವೇನಿಯಾದೋನು ಅರ್ಧ ಸಂಬಳಕ್ಕೆ ಬಂದು ನಿನ್ನ ಹುಲ್ಲು ಕತ್ತರಿಸ್ಕೊಂಡು ಹೋಗ್ತಾನೆ.”

ಎಲ್ಲರೂ ನಕ್ಕರು. ಇಲೇರ್ ನಗಲಿಲ್ಲ. ಅಂದಿನಿಂದ ಅವನ ಕನಸಿನಲ್ಲಿ ಒಬ್ಬ ಎತ್ತರದ ಮನುಷ್ಯ ಬಂದು, ಮಾತಿಲ್ಲದೆ, ತುಂಬ ಚೆನ್ನಾಗಿ ಹುಲ್ಲು ಕತ್ತರಿಸತೊಡಗಿದ. ತನ್ನ ಮತ ‘ಬೇಡ’ ಎಂದು ಇಲೇರ್ ಆಗಲೇ ನಿಶ್ಚಯಿಸಿದ. ಹೆಚ್ಚುಕಡಿಮೆ ಊರಿನವರೆಲ್ಲರದೂ ಅದೇ ನಿಶ್ಚಯ. ಹೆದರಿಕೆಗೆ ಅಲ್ಲಿ ಭಾರೀ ಬಹುಮತವಿತ್ತು. ಮೇಯರ್ ಆ ಉತ್ಸಾಹದಲ್ಲಿ ಜಿಲ್ಲಾ ಪತ್ರಿಕೆಯವನನ್ನು ಕರೆಸಿ, “ಪೆರೊಲಾದ್‌ನಲ್ಲಿ ಒಂದೇ ಒಂದು ‘ಹೌದು’ ಸಿಗಲ್ಲ, ಬರ್ಕೊಳ್ಳಿ” ಎಂದು ಘೋಷಿಸಿಯೇಬಿಟ್ಟ.

ಆ ಪತ್ರಿಕೆಯನ್ನು ಮದಾಂ ಸಲೊಮೆ ಭೂತಗನ್ನಡಿ ಹಿಡಿದು ಓದಿದಳು.

ಸಲೊಮೆ ಬುರ್ದೆಗೆ ಎಂಬತ್ತೆಂಟು ವರ್ಷ. ಏಪ್ರಿಲಿನಲ್ಲಿ ಬಿದ್ದು ಸೊಂಟ ಮುರಿದುಕೊಂಡು ಕಿಟಕಿಯ ಪಕ್ಕದ ಮಂಚಕ್ಕೆ ಅಂಟಿಕೊಂಡಿದ್ದಳು. ಅವಳು ಊರಿನವಳಲ್ಲ, ಜರ್ಮನ್ ಗಡಿಯ ಅಲ್ಸಾಸ್‌ನವಳು. ಎರಡನೇ ಮಹಾಯುದ್ಧ ಶುರುವಾದಾಗ ಗಡಿಯ ಜನರನ್ನೆಲ್ಲ ರೈಲಿಗೆ ತುಂಬಿ ಈ ಕಡೆ ಕಳಿಸಿದ್ದರಲ್ಲ, ಆಗ ಬಂದವಳು, ಇಲ್ಲಿಯವನನ್ನೇ ಮದುವೆಯಾಗಿ ಉಳಿದವಳು. ಅರವತ್ತಾರು ವರ್ಷ ಕಳೆದರೂ ಊರವರ ಬಾಯಲ್ಲಿ ಅವಳು ‘ಗಡಿಯಿಂದ ಬಂದೋಳು’. ಇಡೀ ಊರಿನಲ್ಲಿ ಆ ಸಂವಿಧಾನವನ್ನು ಕೊನೆಯ ಪುಟದವರೆಗೆ ಓದಿದವಳು ಅವಳೊಬ್ಬಳೇ. ಓದಿ ಮೆಚ್ಚಿದಳೆಂದಲ್ಲ, “ಬರೆದೋನಿಗೆ ನಾಲ್ಕು ಬಾರಿಸ್ಬೇಕು” ಎಂದು ಕಿಟಕಿಯಿಂದ ದಾರಿಹೋಕರಿಗೆಲ್ಲ ಹೇಳುತ್ತಿದ್ದಳು. ಆದರೂ ಅವಳ ಮತ ‘ಹೌದು’.

ಮಂಚ ಬಿಟ್ಟು ಏಳಲಾರದವರು ಊರಿನ ಇನ್ನೊಬ್ಬ ಮತದಾರನಿಗೆ ತಮ್ಮ ಮತವನ್ನು ಒಪ್ಪಿಸಬಹುದು. ಪೊಲೀಸರು ಮನೆಗೇ ಬಂದು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಸಲೊಮೆ ಇಲೇರ್‌ನ ಹೆಸರು ಬರೆಸಿದಳು. ವಿಷಯ ತಿಳಿದು ಅವನು ಟೋಪಿ ಹಿಂಡುತ್ತ ಅವಳ ಮಂಚದ ಬಳಿ ಬಂದು ನಿಂತ.

“ನಾನ್ಯಾಕೆ ಮದಾಂ? ನಾನು ‘ಬೇಡ’ದೋನು. ಬೇರೆ ಯಾರಾದ್ರೂ ಧೈರ್ಯದೋರಿಗೆ ಕೊಡ್ಬಾರ್ದಾ?”

“ಧೈರ್ಯದೋನು ತನ್ನ ಮನಸ್ಸಿಗೆ ಬಂದಿದ್ದು ಮಾಡ್ತಾನೆ. ಹೆದರೋನು ಹೇಳಿದ್ದು ಮಾಡ್ತಾನೆ. ಕೂತ್ಕೋ, ಟೋಪಿ ಹಿಂಡಬೇಡ, ಅದೇನು ಬಟ್ಟೆ ಒಗೀತಿದೀಯಾ?”

ಅವನು ಕೂತ.

“ನಾನು ಹುಟ್ಟಿದಾಗ ನಮ್ಮೂರ ಮೇಲೆ ಜರ್ಮನ್ ಬಾವುಟ” ಎಂದಳು ಅವಳು. “ನಡಿಯೋಕೆ ಕಲಿಯೋ ಹೊತ್ತಿಗೆ ಫ್ರೆಂಚ್ ಬಾವುಟ. ನಾನು ಈ ಕಡೆ ಬಂದ್ಮೇಲೆ ಮತ್ತೆ ಜರ್ಮನ್. ಆಮೇಲೆ ಮತ್ತೆ ಫ್ರೆಂಚ್. ನಮ್ಮಪ್ಪ ಮನೆ ಬಿಟ್ಟು ಅಲ್ಲಾಡ್ಲಿಲ್ಲ, ದೇಶಾನೇ ಅವನ ಮೇಲೆ ಓಡಾಡ್ತು. ನನ್ನ ತಮ್ಮನ್ನ ಜರ್ಮನ್ನರು ಸೈನ್ಯಕ್ಕೆ ಎಳ್ಕೊಂಡು ಹೋಗಿ ರಷ್ಯಾದಲ್ಲಿ ಸಾಯಿಸಿದ್ರು. ಯಾವ ಊರ ಯುದ್ಧಸ್ಮಾರಕದ ಕಲ್ಲಿನ ಮೇಲೂ ಅವನ ಹೆಸರಿಲ್ಲ. ಇಷ್ಟರಲ್ಲಿ ಒಂದ್ಸಲ ಆದ್ರೂ ಬಾಗಿಲು ತಟ್ಟಿ ‘ಅಮ್ಮಾ, ನಿನಗೆ ಒಪ್ಪಿಗೆನಾ’ ಅಂತ ಯಾರಾದ್ರೂ ಕೇಳಿದ್ರಾ? ಈಗ ಕೇಳಿದಾರೆ. ನನಗೆ ಗೆಲ್ಲೋದು ಬೇಕಾಗಿಲ್ಲ ಇಲೇರ್. ಆ ಗಾಸ್ತೊಂ ಸೊನ್ನೆ ಅಂದಿದಾನಲ್ಲ, ಅಲ್ಲಿ ಒಂದು ಅಂತ ಬರ್ಬೇಕು. ಒಂದೇ ಒಂದು. ನಾನೂ ಇಲ್ಲಿದ್ದೆ ಅಂತ.”

“ಆಯ್ತು ಮದಾಂ” ಎಂದ ಇಲೇರ್. ಬೇರೆ ಏನು ಹೇಳುವುದಕ್ಕೂ ಅವನಿಗೆ ಹೆದರಿಕೆಯಾಯಿತು.

ಸುದ್ದಿ ಮೇಯರ್‌ನ ಕಿವಿಗೆ ಬೀಳಲು ಎಷ್ಟು ಹೊತ್ತು? ಇಲೇರ್ ಸ್ಮಶಾನದ ಬೇಲಿ ಸವರುತ್ತಿದ್ದಾಗ ದೆಲ್ಬೋಸ್ ಗೋರಿಗಳ ನಡುವೆ ಏದುಸಿರು ಬಿಡುತ್ತ ಬಂದ.

“ಏನೋ ಇಲೇರ್, ಮುದುಕಿ ತನ್ನ ವೋಟು ನಿನಗೆ ಬರ್ಕೊಟ್ಟಿದಾಳಂತೆ?”

“ಹೌದು ಮೇಯರ್ರೇ.”

“ಏನು ಹಾಕ್ಬೇಕಂತೆ?”

“ಅದು ಗುಟ್ಟು ಮೇಯರ್ರೇ.”

“ಗುಟ್ಟೇನು ಬಂತು, ವಸಂತ ಬಂದಾಗಿಂದ ಕಿಟಕೀಲಿ ಕೂತು ಕೂಗ್ತಿದಾಳೆ!” ದೆಲ್ಬೋಸ್ ತನ್ನ ಅಜ್ಜನ ಗೋರಿಯ ಅಂಚಿನ ಮೇಲೆ ಕೂತ. ದನಿ ತಗ್ಗಿಸಿದ, ತಗ್ಗಿಸಿದ ಆ ದನಿ ಇಲೇರ್‌ನನ್ನು ಇನ್ನಷ್ಟು ಹೆದರಿಸಿತು. “ನೋಡು, ನಾನು ಯಾಕೆ ಒದ್ದಾಡ್ತಿದೀನಿ ಗೊತ್ತಾ? ಬ್ರಸೆಲ್ಸ್‌ನಲ್ಲಿ ಕೂತಿರೋರಿಗೆ ನೀನು ವೋಟು ಹಾಕಿದೀಯಾ? ನಾನು ಹಾಕಿದೀನಾ? ನಾಳೆ ಅವರು ತಪ್ಪು ಮಾಡಿದ್ರೆ ಯಾರ ಕೊರಳಪಟ್ಟಿ ಹಿಡೀತೀಯ? ನಾನಾದ್ರೆ ಕಾಫಿ ಅಂಗಡೀಲಿ ಸಿಗ್ತೀನಿ. ಮುಖದ ಮೇಲೆ ಬೈಬಹುದು. ಅವರು ಸಿಗ್ತಾರಾ?”

ಈ ಮೇಯರ್ ಕಾಫಿ ಅಂಗಡಿಯಲ್ಲಿ ಸಿಗುತ್ತಾನೆ, ನಿಜ. ಆದರೆ ಅವನ ಮುಖದ ಮೇಲೆ ಬೈದವರನ್ನು ಇಲೇರ್ ಈವರೆಗೆ ಕಂಡಿರಲಿಲ್ಲ. ಅವನು ಕತ್ತರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

“ಅದಕ್ಕೇ ಹೇಳಿದ್ದು. ಸೊನ್ನೆ ಅಂದ್ರೆ ಸೊನ್ನೆ ಆಗ್ಬೇಕು. ಆಗ ಪ್ಯಾರಿಸ್‌ನೋರು ತಿರುಗಿ ನೋಡ್ತಾರೆ. ಪರದೆ ಹಿಂದೆ ನೀನು ಏನು ಹಾಕ್ತೀಯ ಯಾರಿಗೆ ಕಾಣುತ್ತೆ? ದೇವರು ನಮ್ಮೂರ ಮತದಾರ ಅಲ್ಲ.” ಎದ್ದು ಹೊರಟವನು ಎರಡು ಗೋರಿ ದಾಟಿ ತಿರುಗಿದ. “ಜೂನ್‌ನಲ್ಲಿ ಊರ ಸಭೆ ಇದೆ. ನಿನ್ನ ಕೆಲಸದ ವಿಷಯಾನೂ ಬರುತ್ತೆ. ಸುಮ್ನೆ ನೆನಪು ಮಾಡ್ದೆ.”

ಆ ಮೇಲೆ ಇಲೇರ್‌ಗೆ ಊಟ ಸೇರಲಿಲ್ಲ. ಒಂದು ಕಡೆ ಮುದುಕಿ, ಇನ್ನೊಂದು ಕಡೆ ಮೇಯರ್, ಎರಡೂ ಬೇಡವೆಂದು ಕಣ್ಣು ಮುಚ್ಚಿದರೆ ಲಿಥುವೇನಿಯಾದವನು.

ಮತದಾನ ಮೇ ತಿಂಗಳ ಕೊನೆಯ ಭಾನುವಾರ. ಮುಚ್ಚಿದ ಶಾಲೆಯ ಕೋಣೆಯಲ್ಲಿ, ಕಪ್ಪುಹಲಗೆಯ ಕೆಳಗೆ ಮೇಜು. ಮೇಜಿನ ಹಿಂದೆ ಎದೆಗೆ ಅಡ್ಡಲಾಗಿ ಬಾವುಟದ ಮೂರು ಬಣ್ಣದ ಪಟ್ಟಿ ಹೊದ್ದ ಮೇಯರ್. ಅಲ್ಲಿಯ ಪದ್ಧತಿ ಹೀಗೆ: ಪ್ರತಿಯೊಬ್ಬರೂ ಒಂದು ಲಕೋಟೆಯ ಜತೆ ‘ಹೌದು’ ಚೀಟಿ ಒಂದು, ‘ಬೇಡ’ ಚೀಟಿ ಒಂದು, ಎರಡನ್ನೂ ತೆಗೆದುಕೊಳ್ಳಬೇಕು, ಒಂದನ್ನೇ ತೆಗೆದುಕೊಂಡರೆ ಗುಟ್ಟು ಬಯಲಾಗುತ್ತದಲ್ಲ. ಪರದೆಯ ಗೂಡಿನಲ್ಲಿ ಬೇಕಾದ ಚೀಟಿಯನ್ನು ಲಕೋಟೆಯೊಳಗೆ ಇಟ್ಟು, ಉಳಿದದ್ದನ್ನು ಅಲ್ಲೇ ಇರುವ ಬುಟ್ಟಿಗೆ ಎಸೆದು, ಹೊರಗೆ ಬಂದು ಗಾಜಿನ ಪೆಟ್ಟಿಗೆಗೆ ಹಾಕಬೇಕು.

“ಎರಡೂ ಒಟ್ಟಿಗೇ ತಗೋ ಇಲೇರ್, ಎರಡೆರಡು ಸಲ ಯಾಕೆ ಓಡಾಡ್ತೀಯ” ಎಂದ ಮೇಯರ್, ಬಹಳ ಪ್ರೀತಿಯಿಂದ.

ಎರಡು ಲಕೋಟೆ, ನಾಲ್ಕು ಚೀಟಿ ಹಿಡಿದು ಇಲೇರ್ ಗೂಡಿನೊಳಗೆ ಹೋದ. ಅವನ ಲೆಕ್ಕ ಸರಳವಾಗಿತ್ತು. ಒಂದರಲ್ಲಿ ತನ್ನ ‘ಬೇಡ’, ಇನ್ನೊಂದರಲ್ಲಿ ಅವಳ ‘ಹೌದು’. ಚೀಟಿಗಳನ್ನು ಸಣ್ಣ ಹಲಗೆಯ ಮೇಲೆ ಹರಡಿದ. ಬೆರಳುಗಳು ಬೆವೆತಿದ್ದವು. ಆಗ ಪರದೆಯ ಕೆಳಗೆ ಮೇಯರ್‌ನ ಕಂದು ಬೂಟುಗಳು ಬಂದು ನಿಂತವು.

“ಏನಪ್ಪಾ, ಒಳಗೆ ಕೂತು ಇನ್ನೊಂದು ಸಂವಿಧಾನ ಬರೀತಿದೀಯಾ?”

ಹೊರಗೆ ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಇಲೇರ್‌ನ ಕಣ್ಣು ಕತ್ತಲಿಟ್ಟಿತು. ಕೈಗೆ ಸಿಕ್ಕಿದ್ದನ್ನು ತುರುಕಿದ, ಉಳಿದದ್ದನ್ನು ಬುಟ್ಟಿಗೆ ಬಿಟ್ಟ, ಹೊರಗೆ ಬಂದ. ಲಕೋಟೆ ಪೆಟ್ಟಿಗೆಗೆ ಬಿದ್ದಾಗ ಅದರ ಗಂಟೆ ‘ಟಿಂಗ್’ ಎಂದಿತು. ಮೇಯರ್ ಪದ್ಧತಿಯಂತೆ ಕೂಗಿದ: “ಇಲೇರ್ ಮಾಜೊ, ಮತ ಹಾಕಿದ್ದಾರೆ!” ಇನ್ನೊಂದು ‘ಟಿಂಗ್’. “ಸಲೊಮೆ ಬುರ್ದೆ, ಮತ ಹಾಕಿದ್ದಾರೆ!”

ರಸ್ತೆಗೆ ಬಂದ ಮೇಲೆ ಅವನಿಗೆ ಹೊಳೆಯಿತು: ತಾನು ಯಾವುದನ್ನು ಎಲ್ಲಿ ಹಾಕಿದೆನೋ ಗೊತ್ತಿಲ್ಲ.

ಮನೆಯಲ್ಲಿ ಜಿನೆತ್ ಬೆಳ್ಳುಳ್ಳಿ ಸೂಪು ಬಡಿಸಿದಳು. ಕೊನೆಗೆ ಉಳಿದ ಸೂಪಿಗೆ ವೈನು ಸುರಿದು, ಬಟ್ಟಲೆತ್ತಿ ಕುಡಿಯುವುದು ಅವನ ಪ್ರತಿ ಭಾನುವಾರದ ಸುಖ. ಅಂದು ಅದು ಅಂಗಿಯ ಮೇಲೆ ಇಳಿಯಿತು.

“ಏನಾಗಿದೆ ನಿನಗೆ?”

“ನನ್ನ ಕೈ ಏನು ಮಾಡ್ತೋ ನನಗೇ ಗೊತ್ತಿಲ್ಲ ಜಿನೆತ್. ಎರಡರಲ್ಲೂ ‘ಬೇಡ’ ಹಾಕ್ಬಿಟ್ನೋ ಏನೋ. ಮೇಯರ್ ಬೂಟು ನೋಡಿ ಕೈ ತಾನಾಗೇ ಅವನು ಹೇಳಿದ್ದು ಮಾಡ್ಬಿಟ್ಟಿದ್ರೆ?”

ಜಿನೆತ್ ಬೈಯಲಿಲ್ಲ. ಸುಮ್ಮನಾದಳು.

ಸಂಜೆ ಮತ ಎಣಿಕೆ. ಊರವರೆಲ್ಲ ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಮಡಚಿಕೊಂಡು ಕೂತರು. ಲಕೋಟೆ ಬಿಚ್ಚುವುದಕ್ಕೆ ಮೇಯರ್ ಇಲೇರ್‌ನನ್ನೇ ಕರೆದ. ತಾನು ಅಗೆದ ಗುಂಡಿಯಲ್ಲಿ ತಾನೇ ಇಳಿದಂತೆ ಇಲೇರ್ ಮೇಜಿಗೆ ಬಂದು ಕೂತ. ಒಂದೊಂದೇ ಲಕೋಟೆ ಬಿಚ್ಚಿ ಚೀಟಿಯನ್ನು ಪಕ್ಕದವನಿಗೆ ಕೊಡಬೇಕು, ಅವನು ಗಟ್ಟಿಯಾಗಿ ಓದಬೇಕು.

“ಬೇಡ.” “ಬೇಡ.” “ಬೇಡ.”

ಒಂದೊಂದು ಲಕೋಟೆ ಬಿಚ್ಚುವಾಗಲೂ ಇಲೇರ್ ಮನಸ್ಸಿನಲ್ಲೇ ಎಲ್ಲ ಸಂತರ ಹೆಸರು ಹೇಳಿಕೊಂಡ. ‘ಹೌದು’ ಬರಲಿ. ‘ಹೌದು’ ಬಂದರೆ ಮೇಯರ್ ಕೊಲ್ಲುತ್ತಾನೆ, ಕೊಲ್ಲಲಿ, ಬರಲಿ. ಅರ್ಧಕ್ಕೂ ಮಿಕ್ಕಿ ಆದಮೇಲೆ ಒಂದು ಲಕೋಟೆ ಕೈಗೆ ಹಗುರವೆನಿಸಿತು. ಒಳಗೆ ಏನೂ ಇರಲಿಲ್ಲ.

“ಖಾಲಿ! ರದ್ದು!” ಎಂದ ಮೇಯರ್.

“ಹೇಳೋಕೇನೂ ಇಲ್ದೋನು ಒಬ್ಬ ಇದಾನೆ ಊರಲ್ಲಿ” ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು.

ಅದು ತನ್ನ ಕೈಯಿಂದಲೇ ಬಂದದ್ದಿರಬೇಕು ಎಂದು ಇಲೇರ್‌ಗೆ ಅನ್ನಿಸಿತು. ಮತ್ತೆ “ಬೇಡ”, “ಬೇಡ.” ಇನ್ನೇನು ಮುಗಿಯಿತು ಎನ್ನುವಾಗ ಒಂದು ಲಕೋಟೆ ದಪ್ಪಗಿತ್ತು. ಒಳಗೆ ಎರಡು ಚೀಟಿ, ಬೆವರಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ‘ಹೌದು’, ಒಂದು ‘ಬೇಡ’.

“ಗಂಡ ಹೆಂಡ್ತಿ ಒಂದೇ ಲಕೋಟೇಲಿ!” ಎಂದು ಪಕ್ಕದವನು ಎರಡನ್ನೂ ಎತ್ತಿ ತೋರಿಸಿದ. ಕೋಣೆ ನಗೆಯಿಂದ ತುಂಬಿತು.

“ಎರಡೂ ಇದ್ರೆ ರದ್ದು” ಎಂದ ಮೇಯರ್. ಕೊನೆಯ ಲಕೋಟೆಯಲ್ಲಿ ‘ಬೇಡ’. ಎರಡು ರದ್ದು, ಉಳಿದದ್ದೆಲ್ಲ ‘ಬೇಡ’. ‘ಹೌದು’: ಸೊನ್ನೆ.

ಚಪ್ಪಾಳೆ ಬಿತ್ತು. ವೈನಿನ ಬಾಟಲಿಗಳು ಹೊರಬಂದವು. ಮೇಯರ್ ಇಲೇರ್‌ನನ್ನು ಕಪ್ಪುಹಲಗೆಯ ಪಕ್ಕಕ್ಕೆ ಎಳೆದು ಎರಡೂ ಕೆನ್ನೆಗೆ ಮುತ್ತಿಟ್ಟ.

“ನೀನು ಭಾರೀ ಜಾಣ ಕಣೋ! ಮುದುಕಿ ವೋಟು ರದ್ದಾಗೋ ಹಾಗೆ ಮಾಡ್ದೆ. ‘ಬೇಡ’ ಹಾಕ್ಲಿಲ್ಲ, ಮುದುಕಿಗೆ ಮೋಸ ಆಗ್ಲಿಲ್ಲ. ‘ಹೌದು’ ಬರ್ಲಿಲ್ಲ, ನನಗೆ ಅವಮಾನ ಆಗ್ಲಿಲ್ಲ. ಜೂನ್ ಸಭೆ ಚಿಂತೆ ಬಿಡು.”

ಹೊಗಳಿಕೆ ಇಷ್ಟು ಹೆದರಿಸಬಲ್ಲದೆಂದು ಇಲೇರ್‌ಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಗ್ಲಾಸು ಮುಟ್ಟದೆ ಹೊರಗೆ ಬಂದ. ಬಿಸಿಲು ಇನ್ನೂ ಇತ್ತು. ಮನೆಗೆ ಹೋಗಬಹುದಿತ್ತು. ಕಾಲು ಸಲೊಮೆಯ ಮನೆಯ ಕಡೆ ಹೊರಟಿತು. ಅವಳು ಕಿಟಕಿಯಲ್ಲಿ ಕಾಯುತ್ತಿದ್ದಳು.

“ಎಷ್ಟು?” ಎಂದಳು.

“ಸೊನ್ನೆ ಮದಾಂ.”

ಅವಳು ಹೊದಿಕೆಯ ಅಂಚನ್ನು ಹಿಡಿದುಕೊಂಡಳು.

“ನಾನು ಬೇಕೂಂತ ಮಾಡ್ಲಿಲ್ಲ” ಎಂದ ಇಲೇರ್. “ಮೇಯರ್ ಪರದೆ ಹತ್ರ ಬಂದ. ನನಗೆ ಕೈಕಾಲು ಬಿದ್ದೋಯ್ತು. ಎರಡು ಚೀಟೀನೂ ಒಂದರಲ್ಲೇ ತುರ್ಕಿದೀನಿ. ಇನ್ನೊಂದು ಖಾಲಿ.”

“ಅದ್ರಲ್ಲಿ ನನ್ನದು ಯಾವುದು? ಎರಡೂ ಇದ್ದಿದ್ದಾ, ಏನೂ ಇಲ್ದೆ ಇದ್ದಿದ್ದಾ?”

“ಗೊತ್ತಿಲ್ಲ ಮದಾಂ.”

ಅವಳು ಅಳುತ್ತಾಳೆ ಎಂದುಕೊಂಡ. ಅವಳು ಅಳಲಿಲ್ಲ. ಭೂತಗನ್ನಡಿಯನ್ನು ಅವನ ಎದೆಗೆ ಗುರಿಯಿಟ್ಟಳು.

“ಎಣಿಕೆ ವರದಿ ಬರೀತಾರೆ. ಅದರ ಕೊನೇಲಿ ಮತದಾರರ ಆಕ್ಷೇಪಣೆಗೆ ಅಂತ ಜಾಗ ಬಿಟ್ಟಿರ್ತಾರೆ. ಯಾರೂ ಬರಿಯಲ್ಲ, ಆದ್ರೆ ಜಾಗ ಇದೆ. ಗಾಸ್ತೊಂ ಅದನ್ನ ತಗೊಂಡು ಪೇಟೆಗೆ ಹೊರಡೋ ಮೊದಲು ಹೋಗಿ ಬರಿ. ಸಲೊಮೆ ಬುರ್ದೆ ‘ಹೌದು’ ಅಂದಿದ್ಲು, ಅದು ನನ್ನ ಕೈಯಲ್ಲಿ ಹಾಳಾಯ್ತು ಅಂತ.”

“ಊರೆಲ್ಲ ಅಲ್ಲೇ ಇದೆ ಮದಾಂ. ಕುಡೀತಿದಾರೆ.”

“ನಾಳೆ ಬೆಳಗ್ಗೆ ನೀನು ಈ ಕಿಟಕಿ ಮುಂದೇನೇ ಕೆಲಸಕ್ಕೆ ಹೋಗ್ಬೇಕು. ನಾನು ಕೇಳ್ತೀನಿ. ನಾಡಿದ್ದೂ ಕೇಳ್ತೀನಿ. ಸಾಯೋವರೆಗೂ ಕೇಳ್ತೀನಿ.”

ಶಾಲೆಯ ಕೋಣೆಗೆ ಅವನು ಮರಳಿದಾಗ ಹಾಡು ಶುರುವಾಗಿತ್ತು. ಮೇಯರ್ ವರದಿಯ ಹಾಳೆಗಳನ್ನು ದೊಡ್ಡ ಲಕೋಟೆಗೆ ಸೇರಿಸುತ್ತಿದ್ದ, ಇನ್ನೂ ಅಂಟಿಸಿರಲಿಲ್ಲ.

“ಬಾ, ಬಾ, ಗ್ಲಾಸು ತಗೋ!”

“ಪೆನ್ನು ಬೇಕು ಮೇಯರ್ರೇ.”

ಹಾಡು ಅಲ್ಲಿಗೇ ನಿಂತಿತು. ಇಲೇರ್ ವಿಷಯ ಹೇಳಿದ. ಹೇಳುವಾಗ ಹಲ್ಲು ಕಟಕಟ ಎಂದು ಎರಡು ಸಲ ಮೊದಲಿಂದ ಶುರು ಮಾಡಬೇಕಾಯಿತು. ಆ ಗಂಡ ಹೆಂಡತಿ ಲಕೋಟೆ ಯಾರದೆಂದು ಊರಿಗೇ ತಿಳಿಯಿತು. ಈ ಸಲ ಯಾರೂ ನಗಲಿಲ್ಲ.

ಮೇಯರ್‌ನ ಮುಖ ವೈನಿಗಿಂತ ಕೆಂಪಾಯಿತು. “ಎಣಿಕೆ ಮುಗೀತು. ನೀನು ಏನು ಬರೆದ್ರೂ ಸೊನ್ನೆ ಸೊನ್ನೆನೇ. ಏನು ಪ್ರಯೋಜನ?”

“ಏನೂ ಇಲ್ಲ ಮೇಯರ್ರೇ.”

“ಮತ್ತೆ? ಜೂನ್‌ನಲ್ಲಿ ಸಭೆ ಇದೆ ಅನ್ನೋದು ಮರೆತೋಯ್ತಾ?”

“ಇಲ್ಲ, ಅದೇ ಭಯ ಆಗ್ತಿರೋದು.” ಇಲೇರ್ ಮೇಜಿನ ಅಂಚು ಹಿಡಿದುಕೊಂಡ. “ಆದ್ರೆ ನೀವು ಕೇಳೋದು ಜೂನ್‌ನಲ್ಲಿ. ಮದಾಂ ನಾಳೆ ಬೆಳಗ್ಗೆನೇ ಕೇಳ್ತಾರೆ. ನನಗೆ ನಿಮಗಿಂತ ಅವರ ಭಯ ಜಾಸ್ತಿ.”

ದೆಲ್ಬೋಸ್ ಬೆಂಚುಗಳ ಕಡೆ ನೋಡಿದ. ಇಡೀ ಊರು ಅವನನ್ನೇ ನೋಡುತ್ತಿತ್ತು. ಮೇಯರ್‌ಗೂ ನಾಳೆ ಬೆಳಗ್ಗೆ ಕಾಫಿ ಅಂಗಡಿಗೆ ಹೋಗಲೇಬೇಕಿತ್ತು. ಅವನು ಹಾಳೆಯನ್ನು ಲಕೋಟೆಯಿಂದ ಎಳೆದು ಮೇಜಿನ ಮೇಲೆ ಬಡಿದ.

ಇಲೇರ್ ಬರೆದ. ಅಕ್ಷರಗಳು ಮಳೆಯಲ್ಲಿ ಓಡುವ ಕೋಳಿಗಳಂತೆ ಚೆದುರಿದವು, ಆದರೂ ‘ಹೌದು’ ಎಂಬುದನ್ನು ಅವನು ನಿಲ್ಲಿಸಿ, ಉಸಿರು ತೆಗೆದುಕೊಂಡು, ದುಂಡಗೆ ಬರೆದ. ಕೆಳಗೆ ತನ್ನ ಹೆಸರು ಬರೆದು ಹಾಳೆಯನ್ನು ಮೇಯರ್‌ನ ಕಡೆ ತಿರುಗಿಸಿದ.

“ಮತಗಟ್ಟೆ ಅಧ್ಯಕ್ಷರ ಸಹಿ ಬೇಕಂತೆ, ನಿಮ್ದು” ಎಂದ, ಕೇಳಿಸೀತೋ ಇಲ್ಲವೋ ಎಂಬ ದನಿಯಲ್ಲಿ.

ಮೇಯರ್ ಸಹಿ ಮಾಡಿದ. ಕಾಗದ ಹರಿಯುವಷ್ಟು ಒತ್ತಿ ಮಾಡಿದ. ಜೂನ್ ತಿಂಗಳಿಗೂ ಸೇರಿಸಿಯೇ ಒತ್ತಿದಂತಿತ್ತು. ಇಲೇರ್ ಹೊರಗೆ ಬಂದು ಶಾಲೆಯ ಮೆಟ್ಟಿಲ ಮೇಲೆ ಕೂತ. ಎದ್ದು ಸಲೊಮೆಗೆ ಹೇಳಿ ಬರಬೇಕೆಂದುಕೊಂಡ. ಜಿನೆತ್ ಬಂದು ಅವನ ತೋಳು ಹಿಡಿದು ಎಬ್ಬಿಸಿ, ಅಂಗಿಯ ಮೇಲಿನ ಸೂಪಿನ ಕಲೆ ನೋಡಿ, ಇದನ್ನು ಹಾಕ್ಕೊಂಡೇ ಊರೆದುರಿಗೆ ನಿಂತ್ಯಾ ಎಂದು ದಾರಿಯುದ್ದಕ್ಕೂ ಬೈದಳು.